ಮಿಲ್ಲಿನ ಸೈಕಲ್ಲು ಕಡಲಿಗೆ ಹೋಗಬಾರದೇ?

ಕಳೆದ ತಿಂಗಳು ಒಂದು ಸಂಜೆ, ಪಾಳಿ ಮುಗಿಸಿಕೊಂಡು ತರುಣ ಕಾರ್ಮಿಕನೊಬ್ಬ ನಮ್ಮ ಕಚೇರಿಗೆ ಬಂದ. ದಾವಣಗೆರೆಯ ಹೊರವಲಯದ ನೂಲಿನ ಮಿಲ್ಲೊಂದರಲ್ಲಿ ಹನ್ನೊಂದು ವರ್ಷದಿಂದ ದುಡಿಯುತ್ತಿರುವವನು. ತಲೆಗೂದಲಲ್ಲಿ ಇನ್ನೂ ಹತ್ತಿಯ ಎಳೆ ಅಂಟಿಕೊಂಡಿತ್ತು. ದೂರು ಹೇಳಲು ಬಂದಿರಬೇಕೆಂದು ನಾವು ಕಾಗದ ತೆಗೆದೆವು. ಅವನು ಕೇಳಿದ್ದು ಬೇರೆಯೇ ಮಾತು: “ಸರ್, ಸೈಕಲ್ ಮ್ಯಾಲೆ ಕುಮಟಾಕ್ಕೆ ಹೋಗಾಕಾಗುತ್ತೇನ್ರಿ? ನಾನಿನ್ನೂ ಸಮುದ್ರ ನೋಡಿಲ್ಲ.”

ಈ ಪ್ರಶ್ನೆಯನ್ನು ಅವನು ಮೊದಲು ದೊಡ್ಡ ಪಟ್ಟಣದ ಒಂದು ಸೈಕಲ್ ಅಂಗಡಿಯಲ್ಲಿ ಕೇಳಿದ್ದನಂತೆ. ಅಲ್ಲಿಯವರು ಅವನ ಮಿಲ್ಲಿನ ಸೈಕಲ್ಲನ್ನು ನೋಡಿ ನಕ್ಕರಂತೆ. ಗೇರಿನ ಸೈಕಲ್ಲು ಬೇಕು, ಅದಕ್ಕೆ ತಕ್ಕ ಬೂಟು ಬೇಕು, ಬಿಗಿ ಉಡುಪು ಬೇಕು, ನೀರು ಸೋರದ ಪರದೇಶದ ಚೀಲ ಬೇಕು, ಶಕ್ತಿಯ ಪುಡಿ ಬೇಕು, ಜೆಲ್ಲು ಬೇಕು. ಒಟ್ಟು ಲೆಕ್ಕ ಹಾಕಿದರೆ ಅವನ ನಾಲ್ಕು ತಿಂಗಳ ಸಂಬಳ. ಹಾಗಾದರೆ ಸೈಕಲ್ ಪ್ರವಾಸ ನಮ್ಮಂಥವರಿಗಲ್ಲವೇ ಎಂಬುದು ಅವನ ಸಂಶಯ.

ಅವನ ಪ್ರಶ್ನೆಗೆ ಉತ್ತರ ಸುಲಭ. ಹೋಗಬಹುದು, ಅದೇ ಸೈಕಲ್ಲಿನಲ್ಲಿ ಹೋಗಬಹುದು. ನಾವು ನಾಲ್ಕು ಜನ ಹಿಂದೊಂದು ಡಿಸೆಂಬರಿನಲ್ಲಿ ಹೋಗಿ ಬಂದಿದ್ದೇವೆ. ಆದರೆ ಅವನು ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆಯಿದೆ, ಅದರ ಉತ್ತರ ಅಷ್ಟು ಸುಲಭವಲ್ಲ. ಮೊದಲು ಸೈಕಲ್ಲಿನ ಮಾತು ಮುಗಿಸಿ, ಆಮೇಲೆ ಅದಕ್ಕೆ ಬರೋಣ.

ಸೈಕಲ್ ಪ್ರವಾಸ ಯಾರದು?

ದೂರದ ಸೈಕಲ್ ಪ್ರವಾಸವೆಂದರೆ ಹಣವಂತರ ಹವ್ಯಾಸವೆಂದು ಇಂದು ತಿಳಿಯುವವರೇ ಹೆಚ್ಚು. ಇತಿಹಾಸ ಹೇಳುವುದು ಬೇರೆ. ಇಂಗ್ಲೆಂಡಿನಲ್ಲಿ ರಾಬರ್ಟ್ ಬ್ಲಾಚ್‌ಫರ್ಡ್ ಎಂಬಾತ 1891ರಲ್ಲಿ ಮ್ಯಾಂಚೆಸ್ಟರಿನಿಂದ ‘ಕ್ಲೇರಿಯನ್’ ಎಂಬ ಸಮಾಜವಾದಿ ವಾರಪತ್ರಿಕೆಯನ್ನು ಹೊರಡಿಸಿದ. 1894ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಆ ಪತ್ರಿಕೆಯ ಕೆಲವು ಓದುಗರು ಕೂಡಿಕೊಂಡು ಸೈಕಲ್ ಸಂಘವೊಂದನ್ನು ಕಟ್ಟಿದರು. ರಜೆ ಸಿಕ್ಕ ದಿನ ಹೊಗೆಯ ಊರುಗಳನ್ನು ಬಿಟ್ಟು ಹಳ್ಳಿಗಾಡಿಗೆ ಹೋಗುವುದು, ದಾರಿಯಲ್ಲಿ ತಮ್ಮ ಪತ್ರಿಕೆಯನ್ನು ಹಂಚುವುದು, ಹಸಿರು ಕಂಡಲ್ಲಿ ಕುಳಿತು ಬುತ್ತಿ ಬಿಚ್ಚುವುದು, ಇದು ಅವರ ಕ್ರಮ. ಆ ಸಂಘ ಇಂದಿಗೂ ಉಂಟು. ಜರ್ಮನಿಯಲ್ಲಿ ಕಾರ್ಮಿಕರದೇ ಆದ ‘ಸಾಲಿಡಾರಿಟೇಟ್’ ಎಂಬ ಸೈಕಲ್ ಒಕ್ಕೂಟ 1896ರಲ್ಲಿ ಹುಟ್ಟಿತು. ಲಕ್ಷಾಂತರ ಜನ ಅದರ ಸದಸ್ಯರಾದರು. 1933ರಲ್ಲಿ ಅಧಿಕಾರಕ್ಕೆ ಬಂದ ನಾಜಿಗಳು ಅದನ್ನು ಮುಚ್ಚಿಸಿದರು. ಸೈಕಲ್ ತುಳಿಯುವ ಕೂಲಿಯವನನ್ನು ಕಂಡರೆ ಸರ್ವಾಧಿಕಾರಿಗೆ ಅಷ್ಟು ಭಯ!

ನಮ್ಮ ದೇಶದವರೂ ಹಿಂದೆ ಬಿದ್ದಿಲ್ಲ. 1923ರ ಅಕ್ಟೋಬರಿನಲ್ಲಿ ಮುಂಬಯಿಯಿಂದ ಆರು ಮಂದಿ ಪಾರ್ಸಿ ತರುಣರು ಸೈಕಲ್ಲೇರಿ ಭೂಮಿ ಸುತ್ತಲು ಹೊರಟರು. ಅವರಲ್ಲಿ ಆದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ ಎಂಬ ಮೂವರು ಸುಮಾರು 71,000 ಕಿಲೋಮೀಟರು ತುಳಿದು 1928ರ ಮಾರ್ಚಿಯಲ್ಲಿ ಮನೆಗೆ ಬಂದರು. ಆಗ ಈಗಿನಂಥ ಸೈಕಲ್ಲೂ ಇರಲಿಲ್ಲ, ಶಕ್ತಿಯ ಪುಡಿಯೂ ಇರಲಿಲ್ಲ.

ಗೇರಿಲ್ಲದೆ ದೂರ ಹೋಗಲಾಗದೆಂಬವರು 1963ರ ಒಂದು ಸಂಗತಿಯನ್ನು ಕೇಳಬೇಕು. ಐರ್ಲೆಂಡಿನ ಡೆರ್ವ್ಲಾ ಮರ್ಫಿ ಎಂಬ ಹೆಣ್ಣುಮಗಳು ಆ ವರ್ಷದ ಕಡುಚಳಿಯಲ್ಲಿ ಒಬ್ಬಳೇ ಹೊರಟು, ಯುರೋಪು, ತುರ್ಕಿ, ಇರಾನ್, ಆಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ಹಾದು ಅದೇ ವರ್ಷ ದೆಹಲಿ ಮುಟ್ಟಿದಳು. ಆಕೆಯ ಸೈಕಲ್ಲಿಗೆ ಮೂರು ಗೇರುಗಳಿದ್ದವು. ಏಷ್ಯದ ರಸ್ತೆಗಳಲ್ಲಿ ಅವು ಬಾಳವೆಂದು ಹೊರಡುವ ಮುನ್ನವೇ ಅವನ್ನು ಕಳಚಿಸಿ ಹಾಕಿದ್ದಳು. ಹಲ್ಲು ಕಡಿಮೆ ಇದ್ದಷ್ಟೂ ರಿಪೇರಿ ಕಡಿಮೆ ಎಂಬುದು ಆಕೆಯ ಲೆಕ್ಕ. ನಮ್ಮ ಮನೆಗಳ ಹೆಣ್ಣುಮಕ್ಕಳೂ ಇದನ್ನು ಓದಲಿ. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಚಳವಳಿಯ ಜೊತೆಗೇ ಸಾವಿರಾರು ಹಳ್ಳಿಯ ಹೆಂಗಸರು ಸೈಕಲ್ ಕಲಿತರು. ಅಕ್ಷರ ಕಲಿತ ಕೈಗೆ ಹ್ಯಾಂಡಲ್ಲೂ ಸಿಕ್ಕಿದರೆ ಹೆಣ್ಣು ಯಾರನ್ನೂ ಕಾಯಬೇಕಾಗಿಲ್ಲವೆಂದು ಅವರು ತೋರಿಸಿಕೊಟ್ಟರು.

ಸಾಮಾನಿನ ಮಾತು

ನಮ್ಮ ಮಿಲ್ಲು ಸೈಕಲ್ಲಿನ ಗುಣದೋಷ ಎರಡನ್ನೂ ಹೇಳಬೇಕು. ಸುಳ್ಳು ಹೊಗಳಿಕೆಯಿಂದ ಘಟ್ಟ ಹತ್ತಲಾಗುವುದಿಲ್ಲ.

ಇದರ ತೂಕ ಸುಮಾರು 20 ಕಿಲೋ, ಇದು ದೋಷ. ಉಕ್ಕಿನ ಚೌಕಟ್ಟು, 28 ಇಂಚಿನ ಚಕ್ರ, ಹಿಂದೆ ಗಟ್ಟಿ ಕ್ಯಾರಿಯರು, ಇದು ಗುಣ. ಚೌಕಟ್ಟು ಬಿರಿದರೆ ಯಾವ ಹಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲೂ ಬೆಸೆಯಬಹುದು. ಟೈರು, ಟ್ಯೂಬು, ಕಡ್ಡಿ, ಕೋನು, ಗುಂಡು, ಬ್ರೇಕ್ ರಬ್ಬರು ಇವೆಲ್ಲ ತಾಲ್ಲೂಕು ಕೇಂದ್ರದ ಸಣ್ಣ ಅಂಗಡಿಯಲ್ಲಿ ಇಂದಿಗೂ ಸಿಗುತ್ತವೆ. ಅಲ್ಯೂಮಿನಿಯಮ್ಮಿನ ದುಬಾರಿ ಸೈಕಲ್ಲಿನ ಗೇರಿನ ಕೊಂಡಿ ಹಾನಗಲ್ಲಿನ ಹತ್ತಿರ ಮುರಿದರೆ ಬೆಂಗಳೂರಿಗೇ ಫೋನು ಮಾಡಬೇಕು.

ಆದರೆ ಗೇರು ವ್ಯರ್ಥವೆಂದು ನಾವು ಹೇಳುವುದಿಲ್ಲ. ಏರಿನಲ್ಲಿ ಗೇರು ಮೊಣಕಾಲನ್ನು ಉಳಿಸುತ್ತದೆ. ಫ್ರಾನ್ಸಿನ ಪ್ರಸಿದ್ಧ ಪಂದ್ಯದಲ್ಲಿ 1937ರವರೆಗೆ ಗೇರು ಬದಲಿಸುವ ಯಂತ್ರಕ್ಕೆ ಅವಕಾಶವಿರಲಿಲ್ಲ. ಗೇರು ಹೇಡಿಗಳಿಗೆಂಬ ಜಂಬ ಆಗ ಇತ್ತು. ಆ ಜಂಬ ನಮಗೆ ಬೇಡ. ಗೇರು ಇಲ್ಲದವನಿಗೆ ಒಂದು ಅಗ್ಗದ ಉಪಾಯವಿದೆ, ಅದನ್ನು ಮಾಡಿಕೊಳ್ಳಲಿ. ಸಾಮಾನ್ಯವಾಗಿ ನಮ್ಮ ಸೈಕಲ್ಲುಗಳಲ್ಲಿ ಮುಂದೆ 44 ಹಲ್ಲಿನ ಚಕ್ರ, ಹಿಂದೆ 18 ಹಲ್ಲಿನ ಫ್ರೀವೀಲು ಇರುತ್ತದೆ. ಪೆಡಲು ಒಂದು ಸುತ್ತು ಬಂದರೆ ಸೈಕಲ್ಲು ಸುಮಾರು ಐದೂವರೆ ಮೀಟರು ಮುಂದೆ ಹೋಗುತ್ತದೆ. 18ರದ್ದನ್ನು ತೆಗೆದು 22 ಹಲ್ಲಿನ ಫ್ರೀವೀಲು ಹಾಕಿಸಿದರೆ ಒಂದು ಸುತ್ತಿಗೆ ನಾಲ್ಕೂವರೆ ಮೀಟರು. ಬಯಲಿನಲ್ಲಿ ತುಸು ನಿಧಾನವಾದೀತು. ಏರಿನಲ್ಲಿ ಹೊರೆ ಐದರಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ. ಫ್ರೀವೀಲು ದೊಡ್ಡದಾದಾಗ ಚೈನಿಗೂ ಒಂದೆರಡು ಕೊಂಡಿ ಸೇರಿಸಬೇಕಾದೀತು. ನಮ್ಮ ಓಣಿಯ ಸೈಕಲ್ ಶಾಪಿನ ಸಾಹೇಬರು ಇಷ್ಟನ್ನೂ ಅರ್ಧ ಗಂಟೆಯಲ್ಲಿ ಮುಗಿಸಿಕೊಟ್ಟರು. ಅದಕ್ಕೂ ಮೀರಿದ ಏರು ಬಂದರೆ ಇಳಿದು ತಳ್ಳುವುದು. ತಳ್ಳಿದರೆ ಮಾನ ಹೋಗುವುದಿಲ್ಲ.

ಎರಡನೆಯ ಮಾತು ಸೀಟಿನದು. ನಮ್ಮಲ್ಲಿ ಬಹುಮಂದಿ ಸೀಟನ್ನು ತೀರ ತಗ್ಗಿಸಿ ಕೂರುತ್ತಾರೆ, ನಿಂತಾಗ ಕಾಲು ಊರಲು ಅನುಕೂಲವೆಂದು. ಮಿಲ್ಲಿಗೆ ಹೋಗಿಬರಲು ಅದು ನಡೆಯುತ್ತದೆ. ದಿನಕ್ಕೆ 70 ಕಿಲೋಮೀಟರು ತುಳಿದರೆ ಎರಡನೆಯ ದಿನವೇ ಮೊಣಕಾಲು ಹಿಡಿದುಕೊಳ್ಳುತ್ತದೆ. ಪೆಡಲು ಕೆಳಗಿದ್ದಾಗ ಕಾಲು ಹೆಚ್ಚುಕಡಿಮೆ ನೆಟ್ಟಗಾಗುವಷ್ಟು ಸೀಟನ್ನು ಏರಿಸಿಕೊಳ್ಳಬೇಕು. ಇದಕ್ಕೆ ತಗಲುವ ಖರ್ಚು ಒಂದು ಸ್ಪ್ಯಾನರಿನ ತಿರುವು.

ಮೂರನೆಯದು ಬ್ರೇಕು. ಸರಳಿನ ಬ್ರೇಕುಗಳು ಉಕ್ಕಿನ ರಿಮ್ಮನ್ನು ಒಳಗಡೆಯಿಂದ ಹಿಡಿಯುತ್ತವೆ; ರಿಮ್ಮು ಒದ್ದೆಯಾದರೆ ಹಿಡಿತ ತಪ್ಪುತ್ತದೆ. ಹೊರಡುವ ಮುನ್ನ ನಾಲ್ಕೂ ಕಡೆ ಹೊಸ ರಬ್ಬರು ಹಾಕಿಸಿ, ಇನ್ನೊಂದು ಜೊತೆ ಚೀಲದಲ್ಲಿಡಬೇಕು. ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟದಲ್ಲಿ ನಮ್ಮ ಗುಂಪಿನ ಒಬ್ಬರು ಈ ಮಾತನ್ನು ಕೇಳದೆ ಹಳೆಯ ರಬ್ಬರಿನಲ್ಲೇ ಇಳಿದರು. ಮೂರನೆಯ ತಿರುವಿನಲ್ಲಿ ರಬ್ಬರು ಸವೆದು ಕಬ್ಬಿಣಕ್ಕೆ ಕಬ್ಬಿಣ ತಾಗಿ ಕಿರುಚಿತು. ಚರಂಡಿಯ ಮಣ್ಣಿನ ಗುಡ್ಡೆಗೆ ಸೈಕಲ್ಲು ಹೊಡೆದು ನಿಂತರು. ಮೊಣಕೈ ಕೆತ್ತಿತು, ಅಷ್ಟೇ. ಗುಡ್ಡೆಯ ಆ ಬದಿಗೆ ಕಂದರವಿತ್ತು. ಅಂದಿನಿಂದ ನಾವು ಘಟ್ಟ ಇಳಿಯುವಾಗಲೂ ಕಡಿದಾದ ತಿರುವಿನಲ್ಲಿ ಇಳಿದು ನಡೆಯುತ್ತೇವೆ.

ಚೀಲದ ವಿಷಯಕ್ಕೆ ಬರೋಣ. ಬೆನ್ನಿಗೆ ಭಾರ ಕಟ್ಟಿಕೊಳ್ಳಕೂಡದು. ಬೆನ್ನು ಬೆವರುತ್ತದೆ, ಸೀಟಿನ ಮೇಲೆ ಭಾರ ಹೆಚ್ಚಿ ಕೂತ ಜಾಗ ಹುಣ್ಣಾಗುತ್ತದೆ. ನಮ್ಮ ಹಿರಿಯರು ಸಂತೆಯಿಂದ ಸಂತೆಗೆ ಹೋಗುವಾಗ ಹಸಿಬೆ ಚೀಲವನ್ನು ಹೆಗಲ ಮೇಲೆ ಹಾಕುತ್ತಿದ್ದರಲ್ಲ, ಹಿಂದೊಂದು ಮುಂದೊಂದು ಬಾಯಿ, ಅದೇ ತತ್ವ. ದಪ್ಪ ಟಾರ್ಪಾಲಿನಲ್ಲಿ ಜೋಡಿಚೀಲ ಹೊಲಿಸಿ ಕ್ಯಾರಿಯರಿನ ಎರಡೂ ಬದಿಗೆ ಇಳಿಬಿಟ್ಟರೆ ಆಯಿತು. ಎರಡೂ ಕಡೆ ತೂಕ ಸಮವಿರಬೇಕು; ಚೀಲ ಕಡ್ಡಿಗೆ ತಾಗದಂತೆ ಕಟ್ಟಬೇಕು. ಪರದೇಶದ ಚೀಲ ಮಾಡುವ ಕೆಲಸವೂ ಇಷ್ಟೇ. ನಮ್ಮ ಹಣ ನಮ್ಮ ಊರಿನ ದರ್ಜಿಗೆ ಸಂದಿತು.

ಒಳಗೆ ಏನಿರಬೇಕು? ಒಂದು ಕಂಬಳಿ, ಒಂದು ಪಂಚೆ, ಒಂದು ಜೊತೆ ಬಟ್ಟೆ, ಟವೆಲು. ಒಂದು ಹೊಸ ಟ್ಯೂಬು, ಪ್ಯಾಚು, ಸೊಲ್ಯೂಷನ್, ಉಪ್ಪುಕಾಗದ, ವಾಲ್ ಟ್ಯೂಬಿನ ಗೇಣುದ್ದ ತುಂಡು, ಎರಡು ಸ್ಪ್ಯಾನರು, ನಾಲ್ಕು ಕಡ್ಡಿ, ಎಣ್ಣೆಯ ಸಣ್ಣ ಸೀಸೆ, ಪಂಪು. ಟೈರು ಸೀಳಿದರೆ ಒಳಗಿಡಲು ಹಳೆಯ ಟೈರಿನ ಅಂಗೈಯಗಲ ತುಂಡು. ಟಾರ್ಚು, ಹಿಂದೆ ಕೆಂಪು ದೀಪ. ತಲೆಗೆ ಹೆಲ್ಮೆಟ್ಟು ಕೊಳ್ಳಲಿ. ಈ ಒಂದು ಸಾಮಾನಿನಲ್ಲಿ ಅಂಗಡಿಯವರ ಮಾತಿಗೆ ನಮ್ಮ ವಿರೋಧವಿಲ್ಲ. ಹಿಂದೆ ಪುರಸಭೆಗಳು ಸೈಕಲ್ಲಿಗೂ ತೆರಿಗೆ ಹಾಕಿ ಬಿಲ್ಲೆ ಕೊಡುತ್ತಿದ್ದವು. ದೀಪವಿಲ್ಲದೆ ಸಿಕ್ಕಿಬಿದ್ದವನಿಗೆ ಪೊಲೀಸರು ದಂಡ ಹಾಕುತ್ತಿದ್ದರು. ಆ ಕಾಲದ ಬಿಲ್ಲೆ ಹೋದದ್ದು ಒಳ್ಳೆಯದಾಯಿತು. ದೀಪ ಹೋದದ್ದು ಒಳ್ಳೆಯದಾಗಲಿಲ್ಲ.

ಕಪ್ಪು ಸೈಕಲ್ಲಿಗೆ ಮರ್ಯಾದೆ ಕಡಿಮೆಯಾಗುತ್ತಿದೆ ಎಂಬುದೂ ನಿಜ. ಸಾಹಿಬಾಬಾದಿನ ಅಟ್ಲಾಸ್ ಸೈಕಲ್ ಕಾರ್ಖಾನೆ 2020ರ ಜೂನ್ 3ರಂದು ಕೆಲಸ ನಿಲ್ಲಿಸಿತು. ಅದು ವಿಶ್ವ ಸೈಕಲ್ ದಿನ. ನೂರಾರು ಕೈಗಳು ಖಾಲಿಯಾದವು. ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ಲು ಹಂಚಿತು. ಆ ಸೈಕಲ್ಲುಗಳಲ್ಲಿ ಎಷ್ಟೋ ಇಂದು ಹಿತ್ತಲಲ್ಲಿ ತುಕ್ಕು ಹಿಡಿದು ನಿಂತಿವೆ. ಮಿತ್ರರೇ, ಹೊಸದನ್ನು ಕೊಳ್ಳುವ ಮೊದಲು ಆ ಹಿತ್ತಲನ್ನು ಒಮ್ಮೆ ನೋಡಿರಿ.

ಬುತ್ತಿಯ ಮಾತು

ಫ್ರಾನ್ಸಿನ ಸೇಂತ್ ಎತಿಯೆನ್ ಎಂಬುದು ಕಲ್ಲಿದ್ದಲಿನ, ಮಗ್ಗದ ಊರು. ಅಲ್ಲಿ ಪಾಲ್ ದ ವಿವಿ ಎಂಬ ರೇಷ್ಮೆ ವ್ಯಾಪಾರಿಯಿದ್ದ. 1853ರಲ್ಲಿ ಹುಟ್ಟಿ 1930ರಲ್ಲಿ ತೀರಿಕೊಂಡವನು. ಸೈಕಲ್ಲಿನ ಮೋಹಕ್ಕೆ ಬಿದ್ದು ರೇಷ್ಮೆ ಬಿಟ್ಟ, 1887ರಲ್ಲಿ ಸೈಕಲ್ ಪತ್ರಿಕೆಯನ್ನೇ ತೆಗೆದ, ಗೇರುಗಳನ್ನು ರೂಢಿಗೆ ತರಲು ಜೀವ ತೇದ. ಸೈಕಲ್ ಪ್ರವಾಸಿಗಳು ಇಂದಿಗೂ ಅವನನ್ನು ಗುರುವೆಂದು ನೆನೆಯುತ್ತಾರೆ. ಅವನು ಸಸ್ಯಾಹಾರಿ. ಹಸಿವಾಗುವ ಮುನ್ನ ಉಣ್ಣಬೇಕು, ಬಾಯಾರುವ ಮುನ್ನ ಕುಡಿಯಬೇಕು, ಪ್ರವಾಸದಲ್ಲಿ ಹೆಂಡ ಹೊಗೆಸೊಪ್ಪು ಮುಟ್ಟಬಾರದು, ಜಂಬಕ್ಕಾಗಿ ತುಳಿಯಬಾರದು ಎಂಬುದು ಅವನ ಉಪದೇಶದ ಸಾರ. ನಮ್ಮೂರಿನ ಯಾವ ಅಜ್ಜಿಯೂ ಇದಕ್ಕೆ ಹೌದೆನ್ನುತ್ತಾಳೆ.

ಈ ಉಪದೇಶದ ಬೆಲೆ ನಮಗೆ ತಿಳಿದದ್ದು ಮೊದಲ ದಿನ. ಬೆಳಿಗ್ಗೆ ಐದಕ್ಕೆ ದಾವಣಗೆರೆ ಬಿಟ್ಟೆವು. ಹರಿಹರದ ಸೇತುವೆಯ ಮೇಲೆ ತುಂಗಭದ್ರೆಯ ತಂಗಾಳಿ, ಎಲ್ಲರಿಗೂ ಹುರುಪು. ರಾಣೆಬೆನ್ನೂರಿನವರೆಗೆ ಬರೀ ಚಹಾ, ಮತ್ತೊಂದು ಚಹಾ, ನಮ್ಮಲ್ಲಿ ಇಬ್ಬರಿಗೆ ಬೀಡಿ. ಮೋಟೆಬೆನ್ನೂರು ಸಮೀಪಿಸುವಾಗ ನಮ್ಮ ಕಣ್ಣಿಗೆ ಕತ್ತಲೆ ಬಂತು. ಕೈ ನಡುಗಿತು, ತಣ್ಣನೆಯ ಬೆವರು, ಸಿಟ್ಟು ಬೇರೆ. ಬಿಸಿಲೆಂದು ತಿಳಿದು ಮರದಡಿ ಮಲಗಿದೆವು. ದಾರಿಹೋಕ ಮುದುಕರೊಬ್ಬರು, ಕುರಿ ಕಾಯುವವರು, ನೋಡಿ ಹೇಳಿದರು: “ಏನಾರ ತಿಂದೀರೇನಪ್ಪಾ?” ಅವರೇ ತಮ್ಮ ಗಂಟಿನಿಂದ ಅರ್ಧ ರೊಟ್ಟಿ, ಒಂದು ಚೂರು ಬೆಲ್ಲ ಕೊಟ್ಟರು. ಕಾಲು ಗಂಟೆಯಲ್ಲಿ ಲೋಕ ನೆಟ್ಟಗಾಯಿತು.

ಕಾರಣ ಸರಳ. ದೇಹ ತನ್ನ ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಸಕ್ಕರೆಯ ರೂಪದ ಇಂಧನವನ್ನು ಕೂಡಿಟ್ಟಿರುತ್ತದೆ. ಸಾಧಾರಣ ವೇಗದಲ್ಲಿ ತುಳಿಯುವವನು ಗಂಟೆಗೆ ಸುಮಾರು 300ರಿಂದ 400 ಕ್ಯಾಲೊರಿ ಸುಡುತ್ತಾನೆ. ಕೂಡಿಟ್ಟದ್ದು ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಮೈಯ ಕೊಬ್ಬು ಉಳಿದಿದ್ದರೂ ಅದು ಸಾವಕಾಶವಾಗಿ ಉರಿಯುವ ಸೌದೆ, ಏರಿಗೆ ಸಾಲದು. ಆದ್ದರಿಂದ ಗಂಟೆಗೊಮ್ಮೆ ಒಂದು ಹಿಡಿ ಬಾಯಿಗೆ ಹೋಗಲೇಬೇಕು.

ಆ ಹಿಡಿ ಏನಾಗಿರಬೇಕು? ಅಂಗಡಿಯವರು ತೋರಿಸಿದ ಜೆಲ್ಲಿನ ಪೊಟ್ಟಣವನ್ನು ತಿರುಗಿಸಿ ಓದಿದರೆ ಮುಖ್ಯವಾಗಿ ಕಾಣುವುದು ಸಕ್ಕರೆಯ ಬಗೆಗಳು, ಉಪ್ಪು, ವಾಸನೆ. ಪಂದ್ಯದಲ್ಲಿ ಓಡುವವನಿಗೆ ಅಗಿಯಲು ಪುರುಸೊತ್ತಿಲ್ಲ, ಅವನಿಗೆ ಅದು ಸರಿ. ನಮಗೆ ಅಗಿಯಲು ಹಲ್ಲಿದೆ, ಹೊತ್ತಿದೆ. ಶೇಂಗಾ ಬೆಲ್ಲದ ಚಿಕ್ಕಿಗಿಂತ ಒಳ್ಳೆಯದು ಯಾವುದು? 100 ಗ್ರಾಂ ಶೇಂಗಾದಲ್ಲಿ ಸುಮಾರು 560 ಕ್ಯಾಲೊರಿ, ಸುಮಾರು 25 ಗ್ರಾಂ ಪ್ರೋಟೀನು. ಬೆಲ್ಲ ಬೇಗ ಶಕ್ತಿ ಕೊಡುತ್ತದೆ, ಶೇಂಗಾ ಹೊತ್ತು ತಡೆಯುತ್ತದೆ. ಮಂಡಕ್ಕಿಗೆ ಪುಟಾಣಿ, ಶೇಂಗಾ, ಉಪ್ಪು ಖಾರ ಬೆರೆಸಿ ಒಂದು ಚೀಲ, ತೂಕವಿಲ್ಲ, ಕೆಡುವುದಿಲ್ಲ. ದಾವಣಗೆರೆಯವರಿಗೆ ಇದನ್ನು ನಾವು ಹೇಳಿಕೊಡಬೇಕೇ? ಕಟಕ ರೊಟ್ಟಿ ಎಂಟು ದಿನವಾದರೂ ಬಾಳುತ್ತದೆ. ಜೊತೆಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಉಳ್ಳಾಗಡ್ಡಿ. ದಾರಿಯಲ್ಲಿ ಬಾಳೆಹಣ್ಣು. ಒಂದು ಎಚ್ಚರಿಕೆ: ಮಿರ್ಚಿಯ ಆಸೆ ಸಂಜೆ ತೀರಿಸಿಕೊಳ್ಳಿರಿ. ಮಧ್ಯಾಹ್ನ ಎಣ್ಣೆಯದು ತಿಂದು ಬಿಸಿಲಲ್ಲಿ ತುಳಿದವನ ಹೊಟ್ಟೆ ಅವನ ಮಾತು ಕೇಳುವುದಿಲ್ಲ.

ನೀರಿನ ಮಾತು ಇದಕ್ಕಿಂತ ಮುಖ್ಯ. ಬೆವರಿನಲ್ಲಿ ನೀರಷ್ಟೇ ಅಲ್ಲ, ಉಪ್ಪೂ ಹೋಗುತ್ತದೆ. ಒಂದು ಲೀಟರು ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಮಟ್ಟಸವಾಗಿ ಅಳೆದು ಬೆರೆಸಿದರೆ ಆಯಿತು. ವಾಂತಿಭೇದಿಯಾದ ಮಕ್ಕಳಿಗೆ ಆರೋಗ್ಯ ಇಲಾಖೆಯವರು ಹೇಳಿಕೊಡುವ ಮದ್ದೇ ಇದು. ಅರ್ಧ ನಿಂಬೆಹಣ್ಣು ಹಿಂಡಿದರೆ ಬಾಯಿಗೂ ಹಿತ. ಡಬ್ಬಿಯಲ್ಲಿ ಬರುವ ಬಣ್ಣದ ಪುಡಿಯ ಕೆಲಸವೂ ಬಹುಮಟ್ಟಿಗೆ ಇದೇ. ಬಯಲುಸೀಮೆಯಲ್ಲಿ ಮಜ್ಜಿಗೆ, ಘಟ್ಟದ ಕೆಳಗೆ ಎಳನೀರು. ನಾವು ಹೋದ ಆ ವಾರ ಬೀಡಿಯವರಿಬ್ಬರೂ ಬೀಡಿ ಬಿಟ್ಟಿದ್ದರು. ಊರಿಗೆ ಬಂದ ಮೇಲೆ ಒಬ್ಬರು ಮತ್ತೆ ಹಿಡಿದರೆಂಬುದನ್ನೂ ಹೇಳಿಬಿಡುತ್ತೇವೆ.

ಸಣ್ಣ ವ್ಯಾಪಾರಿಗೂ ಇದರಲ್ಲಿ ಪಾಲಿದೆ

ನಮ್ಮ ವಾಚಕರಲ್ಲಿ ಅರ್ಧದಷ್ಟು ಜನ ಅಂಗಡಿ ಇಟ್ಟವರು. ಅವರು ಕೇಳಬಹುದು: ಇದರಿಂದ ನಮಗೇನು? ನಮ್ಮ ಏಳು ದಿನದ ಹಣ ಎಲ್ಲಿ ಹೋಯಿತೆಂದು ನೋಡಿರಿ. ರಾಣೆಬೆನ್ನೂರಿನ ಚಹಾದಂಗಡಿ, ಹಾವೇರಿಯ ಖಾನಾವಳಿ, ಹಾನಗಲ್ಲಿನ ಬಾಳೆಹಣ್ಣಿನ ಗಾಡಿ, ಶಿರಸಿಯ ಸೈಕಲ್ ಶಾಪು, ಕುಮಟೆಯ ಮೀನೂಟದ ಮನೆ. ಕಾರಿನಲ್ಲಿ ಹೋಗುವವನು ಇದೇ ದಾರಿಯನ್ನು ನಾಲ್ಕೈದು ಗಂಟೆಯಲ್ಲಿ ಮುಗಿಸುತ್ತಾನೆ. ಅವನ ಹಣ ಪೆಟ್ರೋಲು ಬಂಕಿಗೆ, ಟೋಲಿಗೆ, ಹೆದ್ದಾರಿಯ ಬದಿಯ ದೊಡ್ಡ ಹೋಟೆಲಿಗೆ. ಸೈಕಲ್ಲಿನವನು ಹದಿನೈದು ಕಿಲೋಮೀಟರಿಗೊಮ್ಮೆ ಇಳಿಯಲೇಬೇಕು. ಸೈಕಲ್ ಬಿಡಿಭಾಗ ಮಾರುವವರಿಗೆ ಇನ್ನೊಂದು ಅನುಕೂಲವೂ ಆಗಿದೆ: 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲು ಮತ್ತು ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ಶೇಕಡ 12ರಿಂದ 5ಕ್ಕೆ ಇಳಿಯಿತು. ಆ ಇಳಿತ ಗಿರಾಕಿಯ ಕೈಗೆ ತಲುಪಲಿ.

ಆದರೆ ರಸ್ತೆ? ಹಾವೇರಿಯವರೆಗಿನ ಹೆದ್ದಾರಿಯಲ್ಲಿ ಲಾರಿ ಪಕ್ಕದಲ್ಲಿ ಹಾದಾಗಲೆಲ್ಲ ಸೈಕಲ್ಲು ಒಂದು ಮೊಳ ಸರಿಯುತ್ತಿತ್ತು. ಸರ್ವಿಸ್ ರಸ್ತೆ ಅಲ್ಲಲ್ಲಿ ಇದೆ, ಅಲ್ಲಲ್ಲಿ ಕಳೆದುಹೋಗುತ್ತದೆ. ಬೆಂಗಳೂರು-ಮೈಸೂರು ವೇಗದ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ, ಟ್ರಾಕ್ಟರುಗಳ ಜೊತೆಗೆ ಮೋಟಾರಿಲ್ಲದ ವಾಹನಗಳನ್ನೂ ಮುಖ್ಯಪಥದಿಂದ ಹೊರಗಿಟ್ಟರು. ಅತಿವೇಗದ ಕಾರುಗಳ ನಡುವೆ ಸೈಕಲ್ಲು ಇರಬಾರದೆಂಬುದಕ್ಕೆ ನಮ್ಮ ತಕರಾರಿಲ್ಲ. ಅದು ಅವನ ಜೀವದ ಪ್ರಶ್ನೆ. ಆದರೆ ಹೊರಗಿಟ್ಟವನಿಗೆ ಕಡಿಯದ, ನೀರು ನಿಲ್ಲದ ಬದಿಯ ರಸ್ತೆಯನ್ನು ಕೊಡುವುದು ಹೊರಗಿಟ್ಟವರ ಕರ್ತವ್ಯ. ರಸ್ತೆಗೆ ನೆಲ ಕೊಟ್ಟವರು ಸೈಕಲ್ಲಿನವರೇ.

ಕೇಳದೆ ಉಳಿದ ಪ್ರಶ್ನೆ

ಇಷ್ಟೆಲ್ಲವನ್ನೂ ಆ ತರುಣನಿಗೆ ವಿವರಿಸಿದೆವು. ಮೊದಲ ದಿನ ಹಾವೇರಿ, ಸುಮಾರು 70 ಕಿಲೋಮೀಟರು. ಎರಡನೆಯ ದಿನ ಹಾನಗಲ್ಲು ದಾಟಿ ಶಿರಸಿ, ಸುಮಾರು 75. ಮೂರನೆಯ ದಿನ ಘಟ್ಟ ಇಳಿದು ಕುಮಟೆ, ಸುಮಾರು 60. ಮಳೆಗಾಲದಲ್ಲಿ ಪಡುವಣ ಗಾಳಿ ಎದೆಗೆ ಹೊಡೆಯುತ್ತದೆ, ಘಟ್ಟದಲ್ಲಿ ಬ್ರೇಕು ಹಿಡಿಯುವುದಿಲ್ಲ. ಆದ್ದರಿಂದ ಡಿಸೆಂಬರ್, ಜನವರಿ ಸರಿ. ಹೋಗಲು ಮೂರು ದಿನ, ಕಡಲ ಬಳಿ ಒಂದು ದಿನ, ಬರಲು ಮೂರು ದಿನ. ಒಟ್ಟು ಏಳು. ಅದರಲ್ಲಿ ಒಂದು ವಾರದ ರಜೆ ಹೇಗೂ ಬರುತ್ತದೆ. ಹಾಗಾದರೆ ಬೇಕಾದದ್ದು ಆರು ದಿನದ ರಜೆ.

“ಆರು ದಿನ?” ಎಂದು ಅವನು ನಕ್ಕ. ಆ ನಗೆಯಲ್ಲೇ ನಮಗೆ ಉತ್ತರ ಸಿಕ್ಕಿತು. ಹನ್ನೊಂದು ವರ್ಷದಲ್ಲಿ ಅವನು ಒಟ್ಟಿಗೆ ಮೂರು ದಿನದ ರಜೆ ಪಡೆದದ್ದು ಎರಡೇ ಸಲ. ತಂದೆ ತೀರಿಕೊಂಡಾಗ, ತಂಗಿಯ ಮದುವೆಗೆ. ಉಳಿದ ರಜೆ ಏನಾಯಿತೆಂದು ಅವನಿಗೆ ತಿಳಿಯದು. ಕೇಳಿದರೆ ಪಾಳಿಗೆ ಜನವಿಲ್ಲವೆಂಬ ಮಾತು. ನಾಲ್ಕು ತಿಂಗಳ ಸಂಬಳದ ಸೈಕಲ್ಲು ಬೇಕೆಂದ ಅಂಗಡಿಯವರ ಮಾತಿಗೆ ಅವನು ಹೆದರಿದ್ದ. ಅದಕ್ಕಿಂತ ದೊಡ್ಡ ಅಡ್ಡಿ ಮಿಲ್ಲಿನ ಗೇಟಿನಲ್ಲೇ ಇದೆಯೆಂಬುದು ಅವನ ಮನಸ್ಸಿಗೂ ಬಂದಿರಲಿಲ್ಲ. ಅಷ್ಟು ರೂಢಿಯಾಗಿಬಿಟ್ಟಿತ್ತು.

ಕಾನೂನು ಏನು ಹೇಳುತ್ತದೆ? 1948ರ ಕಾರ್ಖಾನೆ ಕಾಯಿದೆಯು, ವರ್ಷದಲ್ಲಿ 240 ದಿನ ದುಡಿದ ವಯಸ್ಕ ಕಾರ್ಮಿಕನಿಗೆ ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳಸಹಿತ ರಜೆಯೆಂದು ಬರೆದಿಟ್ಟಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯೂ 20ಕ್ಕೆ ಒಂದರ ಲೆಕ್ಕವನ್ನೇ ಉಳಿಸಿಕೊಂಡಿದೆ. 240ರ ಬದಲು 180 ದಿನ ದುಡಿದರೆ ಸಾಕೆಂದಿದೆ. ಕೇಳಿದರೂ ಕೊಡದ ರಜೆ ಸತ್ತುಹೋಗುವುದಿಲ್ಲ, ಮುಂದಿನ ವರ್ಷಕ್ಕೆ ಸೇರುತ್ತದೆ. ಹೊಸ ಸಂಹಿತೆಯಲ್ಲಿ ವರ್ಷದ ಕೊನೆಗೆ ರಜೆಯನ್ನು ಹಣವಾಗಿ ಕೇಳಲೂ ಅವಕಾಶವಿದೆ. ಹಣ ಬೇಕಾದವರು ಪಡೆಯಲಿ. ಆದರೆ ರಜೆ ಕೇಳಿದವನ ಕೈಗೆ ಹಣ ತುರುಕಿ ಬಾಯಿ ಮುಚ್ಚಿಸುವುದಕ್ಕೆ ಅದು ದಾರಿಯಾಗಕೂಡದು. ಲೆಕ್ಕ ಸ್ಪಷ್ಟವಾಗಿದೆ: ಕಡಲಿಗೆ ಹೋಗಿಬರಲು ಬೇಕಾದ ಆರು ದಿನವೆಂದರೆ 120 ದಿನದ ದುಡಿಮೆಯ ಫಲ. ವರ್ಷಕ್ಕೆ 300 ದಿನ ದುಡಿಯುವ ಇವನಿಗೆ 15 ದಿನ ಸಲ್ಲಬೇಕು. ಯಾರ ದಾನವೂ ಅಲ್ಲ.

ಫ್ರಾನ್ಸಿನ ಕಾರ್ಮಿಕರಿಗೂ ಇದು ತಾನಾಗಿ ಬರಲಿಲ್ಲ. 1936ರ ಮೇ-ಜೂನ್ ತಿಂಗಳಲ್ಲಿ ಲಕ್ಷಾಂತರ ಜನ ಕಾರ್ಖಾನೆಗಳ ಒಳಗೇ ಕುಳಿತು ಮುಷ್ಕರ ಹೂಡಿದರು. ಆ ಜೂನ್ 20ರಂದು ಎರಡು ವಾರದ ಸಂಬಳಸಹಿತ ರಜೆ ಕಾನೂನಾಯಿತು. ಅದೇ ಬೇಸಗೆಯಲ್ಲಿ ಗಂಡ ಮುಂದೆ ಹೆಂಡತಿ ಹಿಂದೆ ಕೂತು ತುಳಿಯುವ ಜೋಡಿ ಸೈಕಲ್ಲುಗಳು ರಸ್ತೆಗಿಳಿದವು. ಹುಟ್ಟಿದಂದಿನಿಂದ ಸಮುದ್ರ ನೋಡದವರು ಸಮುದ್ರ ನೋಡಿದರು. ಸೈಕಲ್ಲು ಅವರ ಬಳಿ ಮೊದಲೇ ಇತ್ತು. ಹೊಸದಾಗಿ ಬಂದದ್ದು ರಜೆ.

ಅಂಗಡಿ ಇಟ್ಟ ಮಿತ್ರರೇ, ಈ ಮಾತು ನಿಮಗೂ ಸೇರಿದ್ದು. ವಾರಕ್ಕೆ ಒಂದು ದಿನ ಬಾಗಿಲು ಹಾಕಬೇಕೆಂಬ ಕಾನೂನು ಬಂದು ಅರವತ್ತು ವರ್ಷಕ್ಕೂ ಹೆಚ್ಚಾಯಿತು. ನಿಮ್ಮ ಅಂಗಡಿಯ ಹುಡುಗ ಎಂದಾದರೂ ಊರ ಗಡಿ ದಾಟಿದ್ದಾನೆಯೇ? ನೀವಾದರೂ ದಾಟಿದ್ದೀರಾ?

ನಮ್ಮ ಸಲಹೆ ಇಷ್ಟು. ರಜೆಯನ್ನು ಬಾಯಿಮಾತಿನಲ್ಲಿ ಕೇಳಬೇಡಿರಿ; ಹದಿನೈದು ದಿನ ಮುಂಚೆ ಕಾಗದದ ಮೇಲೆ ಬರೆದು ಕೊಡಿರಿ, ನಕಲಿನ ಮೇಲೆ ರುಜು ಹಾಕಿಸಿಕೊಳ್ಳಿರಿ. ಒಬ್ಬರೇ ಕೇಳುವುದಕ್ಕಿಂತ ಇಬ್ಬರು, ಮೂವರು ಬೇರೆಬೇರೆ ವಾರಕ್ಕೆ ಸರದಿಯ ಮೇಲೆ ಕೇಳಿದರೆ ಪಾಳಿಗೆ ಜನವಿಲ್ಲವೆಂಬ ನೆಪ ನಿಲ್ಲುವುದಿಲ್ಲ. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿರಿ. ಆ ಕಾಗದವನ್ನು ಸಂಘಕ್ಕೆ ತಂದುಕೊಡಿರಿ.

ಆ ತರುಣ ಕಳೆದ ವಾರ ಮತ್ತೆ ಬಂದಿದ್ದ. ಸೈಕಲ್ಲಿಗೆ 22 ಹಲ್ಲಿನ ಫ್ರೀವೀಲು ಹಾಕಿಸಿದ್ದಾನೆ. ಸೀಟು ಎರಡು ಬೆರಳು ಏರಿದೆ. ದರ್ಜಿ ಜೋಡಿಚೀಲ ಹೊಲಿದುಕೊಟ್ಟಿದ್ದಾನೆ. ರೊಟ್ಟಿ ತಟ್ಟಿಕೊಡಲು ಅವನ ತಾಯಿ ಒಪ್ಪಿದ್ದಾರೆ; ಸಮುದ್ರದ ನೀರು ಒಂದು ಸೀಸೆ ತರಬೇಕೆಂಬುದು ಅವರ ಶರತ್ತು. ಅರ್ಜಿ ಬರೆದು ಕೊಟ್ಟು ಒಂಬತ್ತು ದಿನವಾಗಿದೆ. ಇನ್ನು ಬಾಕಿ ಇರುವುದು ಅದರ ಮೇಲೊಂದು ರುಜು.